"ಹಿಂಡಬೇಡಿ, ಮೆಲ್ಲಗೆ ಹಿಂಡಿ": ಈ ಲೇಬಲ್ ಕನ್ನಡದಲ್ಲಿ ಬರೆಯುವುದು ಹೇಗೆ?

ಕೌಲ್‌ಬಜಾರ್ ಟೈಲರ್, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನಮ್ಮದು ಜೀನ್ಸ್ ಹೊಲಿಯುವ ಸಣ್ಣ ಯೂನಿಟ್. ಈ ಸಲದ ಆರ್ಡರ್‌ನಲ್ಲಿ ಬಟ್ಟೆ ಒಗೆಯುವ ಲೇಬಲ್ ಇಂಗ್ಲಿಷ್, ಕನ್ನಡ ಎರಡರಲ್ಲೂ ಬೇಕು ಅಂದಿದ್ದಾರೆ. ಇಂಗ್ಲಿಷ್ ಅವರೇ ಕಳಿಸಿದ್ದಾರೆ. ಅದರಲ್ಲಿ ಎರಡು ಸಾಲು ಹೀಗಿದೆ: "ಡು ನಾಟ್ ರಿಂಗ್. ಸ್ಕ್ವೀಝ್ ಜೆಂಟ್ಲಿ." ಈ ರಿಂಗ್ ಫೋನಿನ ರಿಂಗ್ ಅಲ್ಲ, ಮುಂದೆ ಒಂದು ಡಬ್ಲ್ಯೂ ಇರುವ ರಿಂಗ್. ಕನ್ನಡಕ್ಕೆ ತಂದರೆ "ಹಿಂಡಬೇಡಿ. ಮೆಲ್ಲಗೆ ಹಿಂಡಿ." ಅಂತ ಆಗುತ್ತದೆ. ಕಟಿಂಗ್ ಟೇಬಲ್ ಹುಡುಗರು ಓದಿ ಬಿದ್ದು ಬಿದ್ದು ನಕ್ಕರು.

ಲೇಬಲ್‌ಗೆ ಏನು ಬರೆಯಲಿ ಅನ್ನುವುದು ಮೊದಲ ಪ್ರಶ್ನೆ. ಹಾಗೇ ಇನ್ನೊಂದು. ಕೈಯಿಂದ ಒತ್ತುವ, ಅದುಮುವ, ತಳ್ಳುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಇಷ್ಟೊಂದು ಪದ ಯಾಕೆ? ಪ್ರೆಸ್, ಪುಶ್, ಸ್ಕ್ವೀಝ್, ಕ್ರಶ್, ಸ್ಕ್ವಾಶ್. ಯಾವುದನ್ನು ಎಲ್ಲಿ ಬಳಸಬೇಕು ಅಂತ ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಸಿಂಧನೂರು ಪರೀಕ್ಷಾರ್ಥಿ

ಚಿತ್ರ ಹಾಕಿಬಿಡಿ ಅಣ್ಣಾ. ತಿರುಚಿದ ಬಟ್ಟೆ, ಅದರ ಮೇಲೊಂದು ಕಾಟು. ಲೇಬಲ್ ಯಾರು ಓದುತ್ತಾರೆ, ಚುಚ್ಚುತ್ತದೆ ಅಂತ ಮೊದಲ ದಿನವೇ ಕತ್ತರಿಸಿ ಎಸೆಯುತ್ತಾರೆ.

ಕೊಪ್ಪಳ ಇಂಗ್ಲಿಷ್ ಮಾಸ್ತರ್

ಟೈಲರ್ ಅಣ್ಣಾ, ಒಳ್ಳೆ ತೊಡಕು ತಂದಿದ್ದೀರಿ. ನಮ್ಮ "ಹಿಂಡು" ಏನು ಹೊರಗೆ ಬಂತು ಅಂತ ನೋಡುತ್ತದೆ. ನೀರು, ರಸ, ಹಾಲು ಏನೋ ಒಂದು ಬಂದರೆ ಸಾಕು, ಅದು ಹಿಂಡಿದ್ದು. ಬಟ್ಟೆ ಹಿಂಡುತ್ತೇವೆ, ನಿಂಬೆಹಣ್ಣು ಹಿಂಡುತ್ತೇವೆ, ಎಮ್ಮೆಯನ್ನೂ ಹಿಂಡುತ್ತೇವೆ. ಇಂಗ್ಲಿಷಿನವರು ಈ ಮೂರಕ್ಕೂ ಬೇರೆ ಬೇರೆ ಕ್ರಿಯಾಪದ ಇಟ್ಟುಕೊಂಡಿದ್ದಾರೆ. ಬಟ್ಟೆಗೆ ಡಬ್ಲ್ಯೂ ರಿಂಗ್, ನಿಂಬೆಗೆ ಸ್ಕ್ವೀಝ್, ಎಮ್ಮೆಗೆ ಬರೀ ಮಿಲ್ಕ್. ಎಮ್ಮೆಯನ್ನು ಸ್ಕ್ವೀಝ್ ಮಾಡಿದೆ ಅಂದರೆ ಅದನ್ನು ತಬ್ಬಿಕೊಂಡಂತೆ ಕೇಳಿಸುತ್ತದೆ.

ಅವರ ಪದಗಳು ಕೈ ಹೇಗೆ ಆಡಿತು, ಬಲ ಯಾವ ಕಡೆಯಿಂದ ಬಂತು ಅಂತ ನೋಡುತ್ತವೆ. ನಾನು ಹುಡುಗರಿಗೆ ಹೀಗೆ ಹೇಳುವುದು. ಬಲ ಒಂದು ಕಡೆಯಿಂದ ಬಂದು, ವಸ್ತು ಇದ್ದಲ್ಲೇ ಇದ್ದರೆ ಪ್ರೆಸ್. ವಸ್ತು ನಿಮ್ಮಿಂದ ಆಚೆ ಹೋಗಲಿ ಅಂತ ಬಲ ಹಾಕಿದರೆ ಪುಶ್. ಅದು ಕದಲದಿದ್ದರೂ ಪುಶ್ಶೇ, ಯಾಕೆಂದರೆ ನಿಮ್ಮ ಉದ್ದೇಶ ತಳ್ಳುವುದು. ಎರಡು ಕಡೆಯಿಂದ ಅಥವಾ ಮುಷ್ಟಿಯೊಳಗೆ ಸುತ್ತಲಿಂದ ಅದುಮಿದರೆ ಸ್ಕ್ವೀಝ್. ಎರಡು ಕೈ ಎರಡು ದಿಕ್ಕಿಗೆ ತಿರುಚಿದರೆ ರಿಂಗ್. ಕೋಳಿ ಕತ್ತು ತಿರುಚುವುದಕ್ಕೂ ಇದೇ ರಿಂಗ್. ಕತ್ತು ಹಿಸುಕುವುದಕ್ಕೆ ಮಾತ್ರ ಸ್ಕ್ವೀಝ್ ಸಾಲದು, ಅದಕ್ಕೆ ಸ್ಟ್ರ್ಯಾಂಗಲ್ ಅಂತಲೇ ಇದೆ.

ನಿಮ್ಮ ಲೇಬಲ್ ಹೇಳುತ್ತಿರುವುದು ಇಷ್ಟೇ: ತಿರುಚಬೇಡಿ, ಅದುಮಿ.

ಗಂಗಾವತಿ ಸುಮಕ್ಕ

ಮಾಸ್ತರ್, ಕನ್ನಡ ಕೈಯ ಆಟ ನೋಡುವುದಿಲ್ಲ ಅಂದರೆ ನಾನು ಒಪ್ಪುವುದಿಲ್ಲ. ಒಮ್ಮೆ ಅಡುಗೆಮನೆಗೆ ಬನ್ನಿ. ನೆನೆಸಿದ ಹುಣಸೆಹಣ್ಣನ್ನು ಕಿವುಚುತ್ತೇವೆ, ಹಿಂಡುವುದಿಲ್ಲ. ಬೆರಳು ಐದೂ ಒಳಗೆ ಆಡಬೇಕು, ತಿರುಳು ಬಿಡಬೇಕು, ಬೀಜ ನಾರು ಕೈಗೆ ಸಿಗಬೇಕು. ಬೆಳ್ಳುಳ್ಳಿ ಜಜ್ಜುತ್ತೇವೆ. ಒಣ ಮೆಣಸಿನಕಾಯಿ ಕುಟ್ಟುತ್ತೇವೆ. ಹಸಿ ಖಾರ ಅರೆಯುತ್ತೇವೆ. ಬತ್ತಿ ಹೊಸೆಯುತ್ತೇವೆ. ಹಿಟ್ಟು ನಾದುತ್ತೇವೆ. ಇದರಲ್ಲಿ ಒಂದಾದರೂ ಒಂದೇ ತರದ ಕೈ ಇದೆಯಾ ಹೇಳಿ?

ನಿಮ್ಮ ಮಾತು ಹಿಂಡು ಅನ್ನುವ ಒಂದು ಪದಕ್ಕೆ ಸರಿ. ಇಡೀ ಕನ್ನಡಕ್ಕೆ ಅಂಟಿಸಬೇಡಿ.

ಇನ್ನೊಂದು ನನ್ನ ಸಂಶಯ. ರೊಟ್ಟಿ ಬಡಿಯುವುದಕ್ಕೆ ಇಂಗ್ಲಿಷಿನಲ್ಲಿ ಏನು? ನನ್ನ ಮೈದುನನ ಮಗಳು ಕಾಲೇಜಿನ ಪ್ರಾಜೆಕ್ಟಿನಲ್ಲಿ "ಬೀಟ್ ದ ರೊಟ್ಟಿ" ಅಂತ ಬರೆದಿದ್ದಾಳೆ. ಓದಿದರೆ ಕೋಲು ಹಿಡಿದ ಹಾಗಿದೆ.

ಕೊಪ್ಪಳ ಇಂಗ್ಲಿಷ್ ಮಾಸ್ತರ್

ಸುಮಕ್ಕಾ, ಕಿವುಚು ಅನ್ನುವ ಪದಕ್ಕೆ ಇಂಗ್ಲಿಷೇ ತಡವರಿಸುತ್ತದೆ, ಅದನ್ನು ಒಪ್ಪಿದೆ. ಅವರು ಸ್ಕ್ವೀಝ್ ಅಂದು, ಮುಂದೆ ತಿರುಳು ತೆಗೆಯಿರಿ ಅಂತ ಇನ್ನೊಂದು ವಾಕ್ಯ ಸೇರಿಸಬೇಕು. ಜಜ್ಜುವುದು ಕ್ರಶ್. ಕುಟ್ಟುವುದು ಪೌಂಡ್. ಅರೆಯುವುದು ಗ್ರೈಂಡ್. ಬೆಂದ ಆಲೂಗಡ್ಡೆ ಹಿಸುಕುವುದು ಮ್ಯಾಶ್. ಮಾಗಿದ ಟೊಮೆಟೊ ಚೀಲದ ಬುಡದಲ್ಲಿ ಸಿಕ್ಕಿ ಅಪ್ಪಚ್ಚಿ ಆದರೆ ಸ್ಕ್ವಾಶ್.

ಕ್ರಶ್, ಸ್ಕ್ವಾಶ್, ಮ್ಯಾಶ್ ಹತ್ತಿರ ಹತ್ತಿರ ಕಂಡರೂ ಒಂದಲ್ಲ. ಗಟ್ಟಿ ವಸ್ತು ಒಡೆದು ಚೂರಾದರೆ ಅಥವಾ ಆಕಾರ ಪೂರಾ ಕೆಟ್ಟರೆ ಕ್ರಶ್. ಮೆತ್ತಗಿರುವುದು ಚಪ್ಪಟೆ ಆದರೆ ಸ್ಕ್ವಾಶ್. ಮೆತ್ತಗಿರುವುದನ್ನು ಬೇಕೆಂದೇ ಒಂದೇ ಸಮನೆ ಮುದ್ದೆ ಮಾಡಿದರೆ ಮ್ಯಾಶ್. ಕಲ್ಲನ್ನು ಸ್ಕ್ವಾಶ್ ಮಾಡಲು ಯಾರಿಂದಲೂ ಆಗುವುದಿಲ್ಲ. ಸಂಡೂರಿನ ಕಡೆ ಕ್ರಷರ್ ಅಂತಾರಲ್ಲ, ಅದು ಸರಿಯಾದ ಬಳಕೆ.

ರೊಟ್ಟಿಗೆ ಬೀಟ್ ಬೇಡ. ಮೊಟ್ಟೆಯನ್ನು ಬೀಟ್ ಮಾಡುವುದು ಇದೆ, ಡೋಲು ಬೀಟ್ ಮಾಡುವುದು ಇದೆ. ಅಂಗೈ ಚಪ್ಪಟೆ ಇಟ್ಟು ಹದವಾಗಿ ತಟ್ಟುವುದಕ್ಕೆ ಪ್ಯಾಟ್. ಬೆರಳ ತುದಿಯಿಂದ ತಟ್ಟಿದರೆ ಟ್ಯಾಪ್. "ಪ್ಯಾಟ್ ದ ಡೋ ಫ್ಲ್ಯಾಟ್" ಅಂತ ಬರೆಯಲು ಹೇಳಿ.

ಗಂಗಾವತಿ ಸುಮಕ್ಕ

ಪ್ಯಾಟ್ ಅಂದರೆ ಮಗುವಿನ ಬೆನ್ನು ತಟ್ಟಿದ ಹಾಗಿದೆ. ನಮ್ಮತ್ತೆ ರೊಟ್ಟಿ ಬಡಿದರೆ ಪಕ್ಕದ ಓಣಿಗೆ ಕೇಳುತ್ತಿತ್ತು. ಇರಲಿ, ಬರೆಸುತ್ತೇನೆ.

ನಾದುವುದು ನೀಡ್ ಅಲ್ಲವಾ? ಕೆ ಬರೆಯಬೇಕು, ಓದಬಾರದು. ಬೇಕು ಅನ್ನುವ ನೀಡ್, ನಾದು ಅನ್ನುವ ನೀಡ್, ಎರಡೂ ಕಿವಿಗೆ ಒಂದೇ. ಅಡುಗೆ ವಿಡಿಯೋದ ಇಂಗ್ಲಿಷಿನಲ್ಲಿ "ಹತ್ತು ನಿಮಿಷ ನಾದಿ" ಅಂತ ಬಂದರೆ ಜೋಳದ ಹಿಟ್ಟಿಗೆ ಹಾಗೇ ಮಾಡಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು. ಅವರು ಹೇಳುವುದು ಗೋಧಿ, ಮೈದಾ ಲೆಕ್ಕ. ಅದರಲ್ಲಿ ಗ್ಲುಟೆನ್ ಇದೆ, ಮಡಚಿ ಒತ್ತಿ ಎಳೆದಷ್ಟೂ ಎಳೆ ಕೂಡಿ ರಬ್ಬರಿನ ಗುಣ ಬರುತ್ತದೆ. ಜೋಳದಲ್ಲಿ ಗ್ಲುಟೆನ್ ಇಲ್ಲ. ಎಷ್ಟು ಹೊತ್ತು ಗುದ್ದಾಡಿದರೂ ಆ ಗುಣ ಬರುವುದಿಲ್ಲ. ಕುದಿಯುವ ಎಸರು ಹಾಕಿದಾಗ ಹಿಟ್ಟಿನ ಪಿಷ್ಟ ಅಂಟಾಗುತ್ತದಲ್ಲ, ಜಿಗಿ ಬರುವುದು ಅದರಿಂದ. ಆಮೇಲೆ ಅಂಗೈ ಬುಡದಿಂದ ಮುಂದಕ್ಕೆ ಒತ್ತಿ ಒತ್ತಿ ಮಿದ್ದುತ್ತೇವೆ. ಎಳೆದು ಮಡಚುವ ಕೆಲಸವೇ ಇಲ್ಲ. ಹಾಗಾಗಿ ಇಂಗ್ಲಿಷಿನಲ್ಲಿ ಎರಡಕ್ಕೂ ನೀಡ್ ಅಂದರೂ ಕೈ ಬೇರೆ, ಕಾರಣ ಬೇರೆ.

ಕೌಲ್‌ಬಜಾರ್ ಟೈಲರ್, ಬಳ್ಳಾರಿ

ಲೇಬಲ್ ಬರೆದೆ. "ತಿರುಚಿ ಹಿಂಡಬೇಡಿ. ಅಂಗೈಗಳ ನಡುವೆ ಅದುಮಿ ನೀರು ತೆಗೆಯಿರಿ." ಸ್ವಲ್ಪ ಉದ್ದ ಆಯಿತು, ಅಕ್ಷರ ಚಿಕ್ಕದು ಮಾಡಿಸಿ ಹೊಂದಿಸಿದೆ. ಪರೀಕ್ಷಾರ್ಥಿ ತಮ್ಮಾ, ನೀನು ಹೇಳಿದ ಚಿತ್ರ ಹಾಕಬಹುದಿತ್ತು. ಆದರೆ ಲೇಬಲ್‌ನಲ್ಲಿ ಮುಖ್ಯವಾಗಿ ಬರುವ ಗುರುತು ಐದೇ: ನೀರಿನ ತೊಟ್ಟಿ, ತ್ರಿಕೋನ, ಚೌಕ, ಇಸ್ತ್ರಿ ಪೆಟ್ಟಿಗೆ, ವೃತ್ತ. ಒಗೆತ, ಬ್ಲೀಚ್, ಒಣಗಿಸುವುದು, ಇಸ್ತ್ರಿ, ಡ್ರೈಕ್ಲೀನ್. ತಿರುಚುವುದು ಆ ಐದರಲ್ಲಿ ಇಲ್ಲ. ಅದಕ್ಕೇ ಮಾತಿನಲ್ಲಿ ಬರೆಯುತ್ತಾರೆ.

ಯಾಕೆ ತಿರುಚಬಾರದು ಅಂತ ಯೂನಿಟ್‌ನಲ್ಲೂ ಕೇಳಿದರು. ಹತ್ತಿ ಬಟ್ಟೆ ನೆನೆದರೆ ಇನ್ನೂ ಗಟ್ಟಿಯಾಗುತ್ತದೆ, ಅದು ತಡೆಯುತ್ತದೆ. ಆದರೆ ಈಗಿನ ಜೀನ್ಸ್‌ನಲ್ಲಿ ಬರೀ ಹತ್ತಿ ಎಲ್ಲಿದೆ. ಸ್ಟ್ರೆಚ್ ಆಗಲಿ ಅಂತ ಇಲಾಸ್ಟೇನ್ ಸೇರಿಸುತ್ತಾರೆ, ಮೆತ್ತಗಿರಲಿ ಅಂತ ಕೆಲವದಕ್ಕೆ ವಿಸ್ಕೋಸ್ ಹಾಕುತ್ತಾರೆ. ವಿಸ್ಕೋಸ್ ನೆನೆದರೆ ಬಲ ಅರ್ಧದಷ್ಟು ಇಳಿಯುತ್ತದೆ. ಮೇಲಾಗಿ ಡೆನಿಮ್‌ನಲ್ಲಿ ನೀಲಿ ಬಣ್ಣ ದಾರದ ಮೇಲ್ಪದರದಲ್ಲಿ ಮಾತ್ರ ಇರುತ್ತದೆ, ದಾರದ ಒಳಗೆ ಬಿಳಿ. ತಿರುಚಿದಾಗ ಮಡಿಕೆ ಮಡಿಕೆಗೆ ಉಜ್ಜಿ ಬಿಳಿ ಗೆರೆ ಏಳುತ್ತದೆ. ವಾಶಿಂಗ್ ಯೂನಿಟ್‌ನವರು ಮರಳುಕಾಗದ ಹಿಡಿದು ಬೇಕೆಂದೇ ತಿಕ್ಕಿ ಅದೇ ಬಿಳಿ ಗೆರೆ ತೆಗೆಯುತ್ತಾರೆ, ಅದು ಫ್ಯಾಷನ್. ಮನೆಯಲ್ಲಿ ತಾನಾಗೇ ಬಂದರೆ ಕಂಪ್ಲೇಂಟ್.

ಮಾಸ್ತರ್, ನಿಮ್ಮ ಪ್ರೆಸ್‌ಗೆ ನನ್ನದೊಂದು ಸೇರಿಸಿ. ನಾವು ಪ್ರೆಸ್, ಐರನ್ ಎರಡನ್ನೂ ಇಸ್ತ್ರಿ ಅಂದುಬಿಡುತ್ತೇವೆ. ಹೊಲಿಗೆಯಲ್ಲಿ ಹಾಗಲ್ಲ. ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆ ಮೇಲೆ ಆ ಕಡೆ ಈ ಕಡೆ ಜಾರಿಸಿದರೆ ಐರನಿಂಗ್. ಇಟ್ಟು, ಒತ್ತಿ, ಎತ್ತಿ, ಮುಂದಿನ ಜಾಗಕ್ಕೆ ಇಟ್ಟರೆ ಪ್ರೆಸಿಂಗ್. ಹೊಲಿಗೆ ಜೋಡಣೆಯ ಮೇಲೆ ಜಾರಿಸಿದರೆ ಬಟ್ಟೆ ಎಳೆದು ಸೊಟ್ಟ ಆಗುತ್ತದೆ. ಹೊಸ ಹುಡುಗರಿಗೆ ಇದು ತಲೆಗೆ ಹೋಗುವುದೇ ಇಲ್ಲ.

ಕೊಪ್ಪಳ ಇಂಗ್ಲಿಷ್ ಮಾಸ್ತರ್

ಇದು ನನಗೆ ಹೊಸದು. ಪ್ರೆಸ್ ಅಂದರೆ ಜಾರಿಸದೆ ಒಂದೇ ಕಡೆ ಒತ್ತುವುದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಪಾಠದಲ್ಲೂ ಇಲ್ಲ.

ಸಿಂಧನೂರು ಪರೀಕ್ಷಾರ್ಥಿ

ಬೇಜಾರಾಗಬೇಡಿ, ಒಂದು ಮಾತು. ಇಷ್ಟೆಲ್ಲಾ ಯಾಕೆ? ಪ್ರೆಸ್, ಪುಶ್, ಪುಲ್ ಮೂರು ಗೊತ್ತಿದ್ದರೆ ಜೀವನ ನಡೆಯುತ್ತದೆ. ಬಟನ್ ಪುಶ್ ಅಂದರೂ ಒಂದೇ, ಪ್ರೆಸ್ ಅಂದರೂ ಒಂದೇ. ಉಳಿದದ್ದೆಲ್ಲ ಪರೀಕ್ಷೆಯಲ್ಲಿ ನಮ್ಮನ್ನು ಬೀಳಿಸಲು ಸುಮ್ನೆ ಮಾಡಿಟ್ಟದ್ದು.

ರಾಯಚೂರು ಸಿಸ್ಟರ್

ತಮ್ಮಾ, ಬಟನ್‌ಗೆ ಒಂದೇ ಇರಬಹುದು. ಮನುಷ್ಯರ ಮೈಮೇಲೆ ಒಂದೇ ಅಲ್ಲ. ನಾನು ನರ್ಸಿಂಗ್ ಹುಡುಗಿಯರಿಗೆ ಇದನ್ನು ದಿನಾ ಹೇಳುತ್ತೇನೆ.

ಗಾಯದಿಂದ ರಕ್ತ ಹರಿಯುತ್ತಿದ್ದರೆ ಪ್ರೆಸ್. ಶುದ್ಧ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಬಿಡಬಾರದು. ನಿಂತಿತಾ ಅಂತ ಪದೇ ಪದೇ ಎತ್ತಿ ನೋಡಬಾರದು. ಎದೆಬಡಿತ ನಿಂತವರಿಗೆ ಸಿಪಿಆರ್ ಮಾಡುವಾಗ ತರಬೇತಿಯಲ್ಲಿ ಹೇಳುವುದು ಪುಶ್ ಹಾರ್ಡ್, ಪುಶ್ ಫಾಸ್ಟ್ ಅಂತ. ಪ್ರೆಸ್ ಅನ್ನುವುದಿಲ್ಲ ನೋಡಿ. ಒತ್ತಿ ಹಿಡಿದರೆ ಕೆಲಸ ಕೆಟ್ಟಿತು. ದೊಡ್ಡವರಿಗೆ ಎದೆ 5ರಿಂದ 6 ಸೆಂಟಿಮೀಟರ್ ತಗ್ಗಬೇಕು, ಪ್ರತಿ ಸಲ ಪೂರ್ತಿ ಮೇಲೆ ಏಳಲು ಬಿಡಬೇಕು, ನಿಮಿಷಕ್ಕೆ 100ರಿಂದ 120 ಸಲ. ಎದೆ ಮೇಲೆ ಎದ್ದಾಗಲೇ ಹೃದಯಕ್ಕೆ ರಕ್ತ ಮತ್ತೆ ತುಂಬುವುದು. 30 ಸಲ ತಳ್ಳಿ 2 ಸಲ ಉಸಿರು ಕೊಡುವುದು ಕ್ರಮ.

ಗಂಟಲಲ್ಲಿ ತುತ್ತು ಸಿಕ್ಕಿ ಉಸಿರೇ ಬಾರದಿದ್ದರೆ ಅಲ್ಲಿ ಪುಶ್ಶೂ ಸಾಲದು. ಅದರ ಹೆಸರು ಥ್ರಸ್ಟ್. ಒಮ್ಮೆಲೇ, ಜೋರಾಗಿ, ಒಳಗೆ ಮತ್ತು ಮೇಲಕ್ಕೆ. ಬೆನ್ನಿಗೆ 5 ಏಟು, ಆಮೇಲೆ ಹೊಟ್ಟೆಗೆ 5 ಥ್ರಸ್ಟ್. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಮುಟ್ಟಲೇಬಾರದು, ಎದೆಗೆ ಕೊಡಬೇಕು. ಮೆಲ್ಲಗೆ ಒತ್ತುತ್ತಾ ಕೂತರೆ ತುತ್ತು ಹೊರಗೆ ಬರುವುದಿಲ್ಲ.

ಮೂಗಿನಿಂದ ರಕ್ತ ಬಂದರೆ ಪಿಂಚ್. ಹೆಬ್ಬೆರಳು, ತೋರುಬೆರಳ ನಡುವೆ ಮೂಗಿನ ಮೆತ್ತನೆ ಭಾಗ ಹಿಡಿದು, ತಲೆ ಮುಂದಕ್ಕೆ ಬಾಗಿಸಿ 10ರಿಂದ 15 ನಿಮಿಷ. ನಮ್ಮ ಕಡೆ ತಲೆ ಹಿಂದಕ್ಕೆ ಮಾಡಿಸುತ್ತಾರೆ, ಅದು ತಪ್ಪು, ರಕ್ತ ಗಂಟಲಿಗೆ ಇಳಿಯುತ್ತದೆ. ಪಿಂಚ್ ಅಂದರೆ ಚಿವುಟುವುದು ಅಂತ ಮಾತ್ರ ಕಲಿತವರು ಇಲ್ಲಿ ಉಗುರು ಹಾಕಿಯಾರು.

ಇನ್ನು ಲಸಿಕೆ ಹಾಕಿದ ಮೇಲೆ ಪ್ರೆಸ್ ಮಾಡಿ, ರಬ್ ಮಾಡಬೇಡಿ ಅಂತ ಹೇಳಿ ಬಾಯಿ ನೋಯುತ್ತದೆ. ಬಾಗಿಲು ದಾಟುವಷ್ಟರಲ್ಲಿ ಉಜ್ಜುತ್ತಿರುತ್ತಾರೆ. ಶುಗರ್ ನೋಡಲು ಬೆರಳು ಚುಚ್ಚಿದಾಗ ಜಾಸ್ತಿ ಸ್ಕ್ವೀಝ್ ಮಾಡಬಾರದು, ರಕ್ತಕ್ಕೆ ಬೇರೆ ದ್ರವ ಸೇರಿ ಲೆಕ್ಕ ತಪ್ಪುತ್ತದೆ. ಗದ್ದೆಯಲ್ಲಿ ಹಾವು ಕಚ್ಚಿದರೆ ಹಿಸುಕುವುದು, ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಾಲು ಅಲ್ಲಾಡಿಸದೆ ನೇರ ಆಸ್ಪತ್ರೆಗೆ ಬನ್ನಿ.

ಈಗ ಹೇಳು, ಮೂರು ಪದ ಸಾಕಾ?

ಸಿಂಧನೂರು ಪರೀಕ್ಷಾರ್ಥಿ

ಸಾಲದು ಸಿಸ್ಟರ್. ಬರೆದುಕೊಂಡೆ.

ಶಕ್ತಿನಗರ ಶಿಫ್ಟ್

ಸಿಸ್ಟರ್ ಹೇಳಿದ ಮೇಲೆ ನಮ್ಮದೂ ಒಂದು. ಬೆಂಕಿ ಆರಿಸುವ ಸಿಲಿಂಡರ್ ತರಬೇತಿಯಲ್ಲಿ ನಾಲ್ಕು ಪದ ಬಾಯಿಪಾಠ ಮಾಡಿಸುತ್ತಾರೆ: ಪುಲ್, ಏಮ್, ಸ್ಕ್ವೀಝ್, ಸ್ವೀಪ್. ಮೊದಲಕ್ಷರ ಕೂಡಿಸಿದರೆ ಪಾಸ್. ಪಿನ್ ಜಗ್ಗಬೇಕು, ನಳಿಕೆಯನ್ನು ಬೆಂಕಿಯ ಬುಡಕ್ಕೆ ಹಿಡಿಯಬೇಕು, ಹಿಡಿಕೆ ಅದುಮಬೇಕು, ಆ ಕಡೆ ಈ ಕಡೆ ಆಡಿಸಬೇಕು. ಹಿಡಿಕೆಗೆ ಪ್ರೆಸ್ ಅಂದುಕೊಂಡ ಹೊಸಬರು ಒಂದೇ ಕೈಯಿಂದ ಮೇಲಿನಿಂದ ಒತ್ತುತ್ತಾರೆ. ಕೆಳಗಿನ ಹಿಡಿಕೆ ಹಿಡಿದೇ ಇರುವುದಿಲ್ಲ, ಸಿಲಿಂಡರ್ ವಾಲಿಬಿಡುತ್ತದೆ. ಸ್ಕ್ವೀಝ್ ಅಂದರೆ ಮೇಲಿನದು, ಕೆಳಗಿನದು ಎರಡನ್ನೂ ಮುಷ್ಟಿಯಲ್ಲಿ ಕೂಡಿಸುವುದು. ಮುಷ್ಟಿ ಸಡಿಲ ಬಿಟ್ಟರೆ ಪುಡಿ ಬರುವುದು ನಿಲ್ಲುತ್ತದೆ.

ಎನ್‌ಸಿಸಿಯಲ್ಲಿ ಇದ್ದವರಿಗೆ ಇನ್ನೊಂದು ನೆನಪಿರಬಹುದು. ಸಿನಿಮಾದಲ್ಲಿ ಟ್ರಿಗರ್ ಪುಲ್ ಮಾಡುತ್ತಾರೆ. ಗುರಿ ಹೊಡೆಯಲು ಕಲಿಸುವವರು ಸ್ಕ್ವೀಝ್ ಅನ್ನುತ್ತಾರೆ. ಜಗ್ಗಿದರೆ ನಳಿಕೆ ಅಲ್ಲಾಡುತ್ತದೆ.

ಮಾಸ್ತರ್ ಹೇಳಿದ ಕ್ರಶ್ ನಮ್ಮ ಕರೆಂಟ್ ತಯಾರಿಸುವ ಸ್ಥಾವರದಲ್ಲಿ ಕಣ್ಣೆದುರೇ ಇದೆ. ಕಲ್ಲಿದ್ದಲು ಮೊದಲು ಕ್ರಷರ್‌ಗೆ ಹೋಗಿ ಸಣ್ಣ ತುಂಡಾಗುತ್ತದೆ. ಆಮೇಲೆ ಮಿಲ್‌ನಲ್ಲಿ ಮುಖಕ್ಕೆ ಹಚ್ಚುವ ಪೌಡರಿನ ಹಾಗೆ ನುಣ್ಣಗಾಗುತ್ತದೆ. ಆ ಎರಡನೆಯದಕ್ಕೆ ಕ್ರಶ್ ಅನ್ನುವುದಿಲ್ಲ, ಪಲ್ವರೈಸ್ ಅನ್ನುತ್ತಾರೆ.

ರಾಯಚೂರು ಹತ್ತಿ ಗಂಜ್

ನಮ್ಮ ಊರಲ್ಲಿ ಪ್ರೆಸ್ ಅಂದರೆ ಪೇಪರ್ ಪ್ರೆಸ್ ಅಲ್ಲ, ಇಸ್ತ್ರಿಯೂ ಅಲ್ಲ, ಹತ್ತಿ ಪ್ರೆಸ್. ಜಿನ್ನಿಂಗ್‌ನಲ್ಲಿ ಬೀಜ ಬೇರೆ ಆದ ಹತ್ತಿಯನ್ನು ಯಂತ್ರ ಒತ್ತಿ 170 ಕೆಜಿಯ ಬೇಲ್ ಮಾಡುತ್ತದೆ. ರೈತರು ಮಾರ್ಕೆಟ್‌ಗೆ ತರುವ ಚೀಲಕ್ಕೆ ಹತ್ತಿ ತುಂಬುವಾಗ ಒಳಗೆ ಇಳಿದು ಕಾಲಲ್ಲಿ ತುಳಿದು ಗಿಡಿಯುತ್ತಾರೆ. ಅದಕ್ಕೆ ಪ್ರೆಸ್ ಅಂದರೆ ಸರಿಯಾ?

ಕೊಪ್ಪಳ ಇಂಗ್ಲಿಷ್ ಮಾಸ್ತರ್

ಕಾಲಲ್ಲಿ ತುಳಿಯುವುದು ಟ್ರ್ಯಾಂಪಲ್. ಗಿಡಿದು ತುಂಬುವುದಕ್ಕೆ ಮೂರು ಪದ ಇವೆ. ಒಪ್ಪವಾಗಿ ಒತ್ತೊತ್ತಾಗಿ ತುಂಬಿದರೆ ಪ್ಯಾಕ್. ಮೆತ್ತನೆಯದನ್ನು ಹೇಗೋ ಹಾಗೆ ತುರುಕಿದರೆ ಸ್ಟಫ್. ಜಾಗ ಇಲ್ಲದಿದ್ದರೂ ತುರುಕಿದರೆ ಕ್ರ್ಯಾಮ್. ಹಬ್ಬದ ದಿನ ಬಳ್ಳಾರಿ ಬಸ್ಸಿಗೆ ಕ್ರ್ಯಾಮ್ ಬಳಸಬಹುದು. ಪರೀಕ್ಷೆ ಹಿಂದಿನ ರಾತ್ರಿ ಓದುವುದಕ್ಕೂ ಅದೇ ಪದ, ನಮ್ಮ ಸಿಂಧನೂರು ತಮ್ಮನಿಗೆ ಗೊತ್ತಿರುತ್ತದೆ.

ಆನೆಗುಂದಿ ಹರಿಗೋಲು

ಪುಶ್ ಬಗ್ಗೆ ಒಂದು ಎಚ್ಚರಿಕೆ. ನಾವು ತುಂಗಭದ್ರೆಯಲ್ಲಿ ಹರಿಗೋಲು ಹಾಕುವವರು, ಫಾರಿನ್ ಜನ ಬರುತ್ತಾರೆ. ದಡದಿಂದ ಹರಿಗೋಲು ನೂಕುವುದಕ್ಕೆ ಪುಶ್ ಆಫ್, ಶವ್ ಆಫ್ ಅನ್ನುತ್ತಾರೆ. ಅದೇ ಮಾತನ್ನು ಮನುಷ್ಯರ ಮುಖ ನೋಡಿ ಅಂದರೆ "ತೊಲಗು" ಅಂತ ಅರ್ಥ. ದಡದಲ್ಲಿ ನಿಂತ ಹುಡುಗರು ಹೊಸದಾಗಿ ಕಲಿತ ಉತ್ಸಾಹದಲ್ಲಿ ಗಿರಾಕಿಗಳಿಗೇ ಹೇಳಿಬಿಡುತ್ತಾರೆ.

ಶವ್ ಅನ್ನುವುದು ಪುಶ್‌ಗಿಂತ ಒರಟು. ನಮ್ಮ "ದಬ್ಬು" ಇದ್ದ ಹಾಗೆ.

ಎಳೆಯುವ ಕಡೆಗೂ ಇಷ್ಟೇ ಪದ ಇವೆ. ಹಗ್ಗ ಪಟ್ಟನೆ ಸ್ವಲ್ಪ ಜಗ್ಗಿದರೆ ಟಗ್. ಕಿತ್ತುಬರುವ ಹಾಗೆ ಒಮ್ಮೆಲೇ ಜಗ್ಗಿದರೆ ಯಾಂಕ್. ನೆಲಕ್ಕೆ ತಾಗಿಸಿ ಎಳೆದರೆ ಡ್ರ್ಯಾಗ್. ಮೈಬಲವೆಲ್ಲ ಹಾಕಿ ಭಾರದ್ದನ್ನು ಎಳೆದರೆ ಹಾಲ್. ಸಂಜೆ ಹರಿಗೋಲನ್ನು ನೀರಿನಿಂದ ಮೇಲೆ ತರುವುದು ಹಾಲ್.

ಸಿಂಧನೂರು ಪರೀಕ್ಷಾರ್ಥಿ

ಮಾಸ್ತರ್, ಎರಡು ಡೌಟ್. ಒಂದು, ಡಬ್ಲ್ಯೂ ರಿಂಗ್‌ನ ಭೂತಕಾಲ ಏನು? ರ‍್ಯಾಂಗಾ, ರಂಗಾ, ರಿಂಗ್ಡಾ? ಎರಡು, ಗ್ರಿಪ್, ಗ್ರಾಸ್ಪ್, ಕ್ಲಚ್, ಕ್ಲೆಂಚ್. ನಾಲ್ಕಕ್ಕೂ ಗೈಡ್‌ನಲ್ಲಿ "ಬಿಗಿಯಾಗಿ ಹಿಡಿ" ಅಂತ ಕೊಟ್ಟು ಕೈತೊಳೆದುಕೊಂಡಿದ್ದಾರೆ.

ಕೊಪ್ಪಳ ಇಂಗ್ಲಿಷ್ ಮಾಸ್ತರ್

ಒಂದನೆಯದು ರಂಗ್, ಎರಡೂ ರೂಪ ಅದೇ. ಸ್ಪೆಲಿಂಗ್‌ನಲ್ಲಿ ಡಬ್ಲ್ಯೂ, ಆರ್, ಯು, ಎನ್, ಜಿ. ಫೋನಿನ ರಿಂಗ್ ಮಾತ್ರ ರ‍್ಯಾಂಗ್, ರಂಗ್ ಅಂತ ಎರಡು ರೂಪ ಬದಲಾಗುತ್ತದೆ. ಸ್ಕ್ವೀಝ್, ಪ್ರೆಸ್, ಪುಶ್, ಕ್ರಶ್, ನೀಡ್ ಎಲ್ಲಕ್ಕೂ ಸುಮ್ನೆ ಇ-ಡಿ ಹಚ್ಚಿ. ಥ್ರಸ್ಟ್ ಬದಲಾಗುವುದೇ ಇಲ್ಲ, ಮೂರೂ ರೂಪ ಥ್ರಸ್ಟ್.

ಎರಡನೆಯದು. ಗ್ರಾಸ್ಪ್ ಅಂದರೆ ಕೈ ಹಾಕಿ ಹಿಡಿಯುವುದು, ವಿಷಯ ಅರ್ಥ ಆಗುವುದಕ್ಕೂ ಬಳಸುತ್ತಾರೆ. ಗ್ರಿಪ್ ಅಂದರೆ ಹಿಡಿದದ್ದನ್ನು ಬಿಗಿಯಾಗಿ ಇಟ್ಟುಕೊಳ್ಳುವುದು, ಬೈಕಿನ ಹ್ಯಾಂಡಲ್ ನೆನಪಿಡು. ಕ್ಲಚ್‌ನಲ್ಲಿ ಭಯವೋ ಆತುರವೋ ಇರುತ್ತದೆ, ಕಳೆದುಹೋದೀತು ಅಂತ ಎದೆಗೆ ಅವುಚಿಕೊಳ್ಳುವುದು. ಕ್ಲೆಂಚ್ ಹೆಚ್ಚಾಗಿ ಸ್ವಂತ ಮೈಗೇ: ಮುಷ್ಟಿ ಬಿಗಿಯುವುದು, ಹಲ್ಲು ಕಚ್ಚುವುದು. ಪರೀಕ್ಷೆಯಲ್ಲಿ ಖಾಲಿ ಜಾಗದ ಮುಂದೆ ಮುಷ್ಟಿ ಅಥವಾ ಹಲ್ಲು ಇದ್ದರೆ ಕಣ್ಣು ಮುಚ್ಚಿ ಕ್ಲೆಂಚ್ ಬರಿ. ಮುದುಕಿ ಕಿಕ್ಕಿರಿದ ಬಸ್ಸಿನಲ್ಲಿ ಚೀಲ ಹಿಡಿದುಕೊಂಡಿದ್ದರೆ ಕ್ಲಚ್.

ಸಿಂಧನೂರು ಪರೀಕ್ಷಾರ್ಥಿ

ಮುದುಕಿ ಹಲ್ಲು ಕಚ್ಚಿ ಚೀಲ ಹಿಡಿದುಕೊಂಡಿದ್ದರೆ?

ಗಂಗಾವತಿ ಸುಮಕ್ಕ

ಎದ್ದು ಸೀಟು ಬಿಟ್ಟುಕೊಡು.